ಡಿಗ್ರಿ ಉಂಟು, ನೋಟೀಸು ಅರ್ಥ ಆಗುದಿಲ್ಲ: ಓದಿದ್ದು ತಲೆಗೆ ಹೋಗ್ಲಿಕ್ಕೆ ಎಂತ ಮಾಡ್ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಂದೊಂದು ಝೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಸಿ ಕೊಡುದೂ ಉಂಟು, ಪಿಎಸ್‌ಸಿ, ಸ್ಕಾಲರ್‌ಶಿಪ್ಪು, ಪಾಸ್‌ಪೋರ್ಟು ಅಂತ. ಬರುವವರಲ್ಲಿ ತುಂಬಾ ಜನ ಡಿಗ್ರಿ ಆದವ್ರೇ. ಹಿಂದೆ ಓದ್ಲಿಕ್ಕೆ ಬಾರದ ಅಜ್ಜಂದಿರು ಕಾಗದ ಹಿಡ್ಕೊಂಡು ಬಂದು "ಇದ್ರಲ್ಲಿ ಎಂತ ಬರ್ದಿದಾರೆ ನೋಡಪ್ಪಾ" ಅಂತಿದ್ರು, ಈಗ ಅದೇ ಮಾತನ್ನ ಬಿಕಾಂ ಆದವ್ರು ಹೇಳ್ತಾರೆ, ವ್ಯತ್ಯಾಸ ಎಂತ ಅಂದ್ರೆ ಅಜ್ಜಂದಿರಿಗೆ ತಮಗೆ ಓದ್ಲಿಕ್ಕೆ ಬರುದಿಲ್ಲ ಅಂತ ಗೊತ್ತಿತ್ತು.

ಕಳೆದ ವರ್ಷ ಒಬ್ಳು ಹುಡುಗಿ ಬಂದ್ಲು. ಬಿಎಸ್ಸಿ, ಮಾರ್ಕೂ ಒಳ್ಳೇದುಂಟು. "ಅಣ್ಣಾ, ನನ್ನ ಹಾಲ್ ಟಿಕೆಟ್ ಬರ್ತಾನೇ ಇಲ್ಲ, ಸೈಟಲ್ಲಿ ಎಂತದೋ ಪ್ರಾಬ್ಲಂ" ಅಂದ್ಲು. ಪ್ರೊಫೈಲ್ ತೆಗ್ದು ನೋಡಿದ್ರೆ ಸೈಟಲ್ಲಿ ಎಂತ ಪ್ರಾಬ್ಲಮ್ಮೂ ಇಲ್ಲ, ಇವಳು ಕನ್ಫರ್ಮೇಶನ್ ಕೊಟ್ಟಿಲ್ಲ ಅಷ್ಟೇ. ಕೇರಳ ಪಿಎಸ್‌ಸಿಯಲ್ಲಿ ಬರೀ ಅರ್ಜಿ ಹಾಕಿದ್ರೆ ಆಗುದಿಲ್ಲ, ಪರೀಕ್ಷೆ ಡೇಟ್ ಬಂದ ಮೇಲೆ ನಾನು ಬರೀತೇನೆ ಅಂತ ಪ್ರೊಫೈಲಲ್ಲಿ ಮತ್ತೊಮ್ಮೆ ಖಚಿತ ಮಾಡ್ಬೇಕು, ಇಲ್ಲದಿದ್ರೆ ಅರ್ಜಿ ಹೋಯ್ತು. ಆ ಮೆಸೇಜು ಅವಳ ಪ್ರೊಫೈಲಲ್ಲೇ ಕೂತಿತ್ತು. "ಇದು ಓದ್ಲಿಲ್ವಾ?" ಕೇಳಿದೆ. "ಓದಿದ್ದೇನೆ ಅಣ್ಣಾ, ಕನ್ಫರ್ಮೇಶನ್ ಬರ್ತದೆ ಅಂತ ಉಂಟಲ್ಲ."

ಸುಳ್ಳು ಹೇಳಿದ್ದಲ್ಲ ಅವಳು. ನಿಜವಾಗಿ ಓದಿದ್ದಾಳೆ. ಕನ್ಫರ್ಮೇಶನ್, ದಿನಾಂಕ, ಅರ್ಜಿ, ಈ ಮೂರು ಪರಿಚಯದ ಪದ ಹೆಕ್ಕಿಕೊಂಡು ನಡುವಿನ ಜಾಗವನ್ನ ತಾನೇ ತುಂಬಿಸಿದ್ದಾಳೆ. ಯಾರು ಯಾರಿಗೆ ಕೊಡ್ಬೇಕು, ಕೊಡದಿದ್ರೆ ಎಂತ, ಅದೆಲ್ಲ ಇದ್ದದ್ದು ಆ ನಡುವಿನ ಜಾಗದಲ್ಲೇ.

ನನ್ನನ್ನೇ ದೊಡ್ಡ ಬುದ್ಧಿವಂತ ಅಂತ ತಿಳ್ಕೊಳ್ಬೇಡಿ. ನಾನು ಎಂಎ ಮುಗ್ಸಿದ ವರ್ಷ ಒಂದು ಕೆಲ್ಸಕ್ಕೆ ಅರ್ಜಿ ಹಾಕಿದ್ದೆ, ಯಾವ ಆಫೀಸು ಅಂತ ಬೇಡ. "ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಮೊದಲು ಪಡೆದ ಪ್ರಮಾಣಪತ್ರ" ಅಂತ ಇದ್ದದ್ದನ್ನ ನಾನು ಇಂಟರ್‌ವ್ಯೂ ದಿನಕ್ಕೆ ಕೈಯಲ್ಲಿದ್ರೆ ಸಾಕು ಅಂತ ಓದಿಕೊಂಡೆ. ಸರ್ಟಿಫಿಕೇಟಿನ ತಾರೀಕು ಒಂಬತ್ತು ದಿನ ಲೇಟು. ಅಲ್ಲಿ ಕೂತವರು ಪೇಪರನ್ನ ನನ್ನ ಕಡೆ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ರು, ಮಾತೇ ಆಡ್ಲಿಲ್ಲ. ಎಂಎ, ಅದೂ ಕನ್ನಡ ಎಂಎ ಮಾರಾಯ್ರೆ.

ಹಾಗಾಗಿ ಇದು ಬರೀ ನಮ್ಮೂರಿನ ಮಕ್ಕಳ ಕತೆ ಅಂತಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ಎರಡು ಯುನಿವರ್ಸಿಟಿಯ 85 ಸ್ಟೂಡೆಂಟ್ಸನ್ನ 2015ರಲ್ಲಿ ಕೂರಿಸಿ ಒಂದು ಟೆಸ್ಟ್ ಮಾಡಿದ್ರು, ಎಲ್ಲ ಇಂಗ್ಲಿಷೇ ಮೇಜರ್ ತಗೊಂಡವ್ರು. ಡಿಕನ್ಸನ ಬ್ಲೀಕ್ ಹೌಸ್ ಕಾದಂಬರಿಯ ಮೊದಲ 7 ಪ್ಯಾರಾ ಕೊಟ್ಟು, ಒಂದೊಂದೇ ವಾಕ್ಯ ಜೋರಾಗಿ ಓದಿ ಅದ್ರ ಅರ್ಥ ಮಾಮೂಲಿ ಮಾತಲ್ಲಿ ಹೇಳಿ ಅಂದ್ರು. ಡಿಕ್ಷನರಿ ನೋಡ್ಬಹುದು, ಫೋನೂ ನೋಡ್ಬಹುದು. 2024ರಲ್ಲಿ ಅದ್ರ ಫಲಿತಾಂಶ ಪ್ರಕಟ ಆಯ್ತು: ನೂರಕ್ಕೆ 58 ಮಂದಿಗೆ ಆ ಪುಸ್ತಕ ಸ್ವಂತ ಓದಿ ಅರ್ಥ ಮಾಡ್ಕೊಳ್ಳುವಷ್ಟು ಶಕ್ತಿ ಇಲ್ಲ, ಸರಿಯಾಗಿ ವಿವರ ಹಿಡಿದವ್ರು ನೂರಕ್ಕೆ 5. ಅದ್ರಲ್ಲಿ ದೊಡ್ಡ ಕೆನ್ನೆಗಡ್ಡದ ಒಬ್ಬ ಲಾಯರ್ ಬರ್ತಾನೆ, ಗಡ್ಡಕ್ಕೆ ವಿಸ್ಕರ್ಸ್ ಅಂತ ಪದ, ಅದನ್ನ ನೋಡಿ ಒಬ್ರು ರೂಮಲ್ಲಿ ಎಂತದೋ ಪ್ರಾಣಿ ಉಂಟು ಅಂದ್ರಂತೆ. ಬೆಕ್ಕಿನ ಮೀಸೆಗೂ ಅದೇ ಪದ ಅಲ್ವಾ! ನಮ್ಮ ಹುಡುಗಿಯ ಕನ್ಫರ್ಮೇಶನ್ನಿನ ಹಾಗೇ, ಗೊತ್ತಿದ್ದ ಒಂದು ಪದ ಹಿಡ್ಕೊಂಡು ಉಳಿದದ್ದನ್ನ ಊಹೆಯಲ್ಲಿ ಕಟ್ಟಿದ್ದು.

ಗಫ್ ಮತ್ತು ಟನ್ಮರ್ ಅಂತ ಇಬ್ರು 1986ರಲ್ಲಿ ಒಂದು ಸರಳ ಲೆಕ್ಕ ಹೇಳಿದ್ರು. ಅಕ್ಷರ ಬಿಡಿಸಿ ಪದ ಮಾಡುವ ಶಕ್ತಿ, ಆ ಭಾಷೆ ಅರ್ಥ ಆಗುವ ಶಕ್ತಿ, ಇವೆರಡನ್ನ ಗುಣಿಸಿದ್ರೆ ಬರುದೇ ಓದು ಅಂತ. ಕೂಡಿಸುದಲ್ಲ, ಗುಣಿಸುದು. ಒಂದು ಸೊನ್ನೆ ಆದ್ರೆ ಇನ್ನೊಂದು ನೂರಿದ್ರೂ ಉತ್ತರ ಸೊನ್ನೆ. ಕೇರಳ 1991ರ ಏಪ್ರಿಲ್ 18ಕ್ಕೆ ಸಂಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಣೆ ಆಯ್ತು, ದೊಡ್ಡ ಸಂಗತಿ ಅದು, ಆದ್ರೆ ಅದ್ರಿಂದ ಗುಣಾಕಾರದ ಮೊದಲ ಸಂಖ್ಯೆ ಮಾತ್ರ ನಮ್ಮ ಕೈಗೆ ಬಂತು.

ಸರಿ, ಈಗ ಎಂತ ಮಾಡ್ಬೇಕು ಅಂತ. ನನ್ನ ಅಂಗಡಿಯ ಹಿಂದೆ ಒಂದು ಬೆಂಚುಂಟು, ಶನಿವಾರ ಮಧ್ಯಾಹ್ನ ಮೇಲೆ ನಾಲ್ಕೈದು ಮಕ್ಕಳು ಬಂದು ಕೂರ್ತಾರೆ, ಅವರ ಜೊತೆ ಮಾಡಿ ನೋಡಿದ್ದನ್ನೇ ಹೇಳ್ತೇನೆ. ಫೀಸಿಲ್ಲ, ಚಾ ಅವರದ್ದು.

ಮೊದಲು ಒಂದು ಪರೀಕ್ಷೆ ಮಾಡ್ಕೊಳ್ಳಿ. ಎಂತದಾದ್ರೂ ಒಂದು ಪುಟ ತಗೊಳ್ಳಿ, ಪತ್ರಿಕೆಯ ಸಂಪಾದಕೀಯ ಆದ್ರೂ ಆಯ್ತು, ಬ್ಯಾಂಕಿನ ಲೋನ್ ಪೇಪರಾದ್ರೂ ಆಯ್ತು. ಓದಿ, ಮಡಚಿ ಇಡಿ, ಅದ್ರಲ್ಲಿ ಎಂತ ಉಂಟು ಅಂತ ನಿಮ್ಮ ಮನೆ ಭಾಷೆಯಲ್ಲಿ ಹೇಳಿ. ಮನೆ ಭಾಷೆ ಅಂದ್ರೆ ಮನೆಯಲ್ಲಿ ಜಗಳ ಮಾಡುವ ಭಾಷೆ, ತುಳುವೋ ಹವ್ಯಕವೋ ಮಲಯಾಳವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ. ಇದು ಸಪ್ತಭಾಷಾ ಸಂಗಮ ಭೂಮಿ ಅಂತ ನಮ್ಮಲ್ಲಿ ಯಾವ ಸಭೆಗೆ ಹೋದ್ರೂ ಭಾಷಣ ಮಾಡ್ತಾರಲ್ಲ, ಆ ಸಂಗಮದಿಂದ ನನಗೆ ಗೊತ್ತಿದ್ದ ಹಾಗೆ ಅತಿ ದೊಡ್ಡ ಉಪಯೋಗ ಇದೇ. ಓದಿದ ಭಾಷೆಯಲ್ಲೇ ಹೇಳಿದ್ರೆ ಅದೇ ಪದಗಳನ್ನ ಗಿಳಿ ಹಾಗೆ ಒಪ್ಪಿಸ್ಬಹುದು, ಅರ್ಥ ಆಗದೇನೂ ಒಪ್ಪಿಸ್ಬಹುದು, ಕಾಲೇಜಲ್ಲಿ ನಾವು ಮೂರು ವರ್ಷ ಮಾಡಿದ್ದು ಅದನ್ನೇ ಅಲ್ವಾ. ಮನೆ ಭಾಷೆಗೆ ತರುವಾಗ ಆ ಆಟ ನಡೆಯುದಿಲ್ಲ, "ತಿರಸ್ಕರಿಸಲಾಗುವುದು" ಅನ್ನುದಕ್ಕೆ ಮನೆಯಲ್ಲಿ ಪದವೇ ಇಲ್ಲ.

ಆ ಬಿಎಸ್ಸಿ ಹುಡುಗಿ ಹವ್ಯಕಳು. ಅದೇ ಮೆಸೇಜನ್ನ ಮತ್ತೊಮ್ಮೆ ಓದಿಸಿ ಅಮ್ಮನ ಹತ್ರ ಹೇಳುವ ಹಾಗೆ ಹೇಳು ಅಂದೆ. ಸ್ವಲ್ಪ ಹೊತ್ತು ಬಾಯಿ ಬರ್ಲಿಲ್ಲ. ಮತ್ತೆ ಮೆಲ್ಲ ಅಂದ್ಲು, "ಕನ್ಫರ್ಮೇಶನ್ ಕೊಡದ್ರೆ ಅರ್ಜಿ ಹೋತು, ಪರೀಕ್ಷೆ ಬರವಲೆ ಎಡಿಯ." ಅಂದ್ರೆ ಪರೀಕ್ಷೆ ಬರೀಲಿಕ್ಕೆ ಆಗುದಿಲ್ಲ ಅಂತ. ಹೇಳಿ ಮುಗಿಯುವಾಗ ಅವಳ ಮುಖ ನೋಡ್ಬೇಕಿತ್ತು, ಅರ್ಥ ಆದದ್ದು ಆಗ. ಕಾನ್ಸಾಸಿನವರು ಮಾಡಿಸಿದ್ದೂ ಇದನ್ನೇ, ಅವರಿಗೆ ಅದು ಟೆಸ್ಟು, ನಮಗೆ ಅದೇ ಮದ್ದು ಕೂಡ. ಕೇಳ್ಲಿಕ್ಕೆ ಯಾರೂ ಇಲ್ಲದಿದ್ರೆ ಫೋನಲ್ಲಿ ವಾಯ್ಸ್ ರೆಕಾರ್ಡ್ ಮಾಡಿ. ಎಲ್ಲೆಲ್ಲಿ "ಅದು... ಅದೆಂತದೋ... ಹಾಗೆ" ಬಂತು ಅಂತ ಕೇಳಿ ನೋಡಿ, ನಿಮ್ಮ ಓದು ಮುರಿದ ಜಾಗ ಅದೇ.

ಎರಡನೇದು ಸ್ವಲ್ಪ ಕೂತು ಮಾಡುವ ಕೆಲ್ಸ. ಕನ್ನಡದ ವಾಕ್ಯ ಮುಗಿಯುದು ಕ್ರಿಯಾಪದದಲ್ಲಿ. ಸರ್ಕಾರಿ ಕನ್ನಡದಲ್ಲಿ ಆ ಕ್ರಿಯಾಪದಕ್ಕೆ ಹೋಗಿ ಮುಟ್ಟುವಾಗ ನಾಲ್ಕು ಸಾಲು ದಾಟಿರ್ತದೆ, ಅಷ್ಟರಲ್ಲಿ ಶುರು ಎಂತ ಇತ್ತು ಅಂತ ಮರ್ತಿರ್ತದೆ. ಹಾಗಾಗಿ ಉದ್ದ ವಾಕ್ಯ ಕಂಡ್ರೆ ಬಾಲದಿಂದ ಹಿಡೀಬೇಕು. ಅಭ್ಯಾಸಕ್ಕೆ ಅಂತ ನಾನೇ ಕಟ್ಟಿದ ಒಂದು ವಾಕ್ಯ ನೋಡಿ:

"ಕೊನೆಯ ದಿನಾಂಕದೊಳಗೆ ನಿಗದಿತ ವಿದ್ಯಾರ್ಹತೆಯನ್ನು ಪಡೆಯದ, ಅಥವಾ ಪಡೆದಿದ್ದರೂ ಅದರ ಮೂಲ ಪ್ರಮಾಣಪತ್ರವನ್ನು ಪರಿಶೀಲನೆಯ ವೇಳೆ ಹಾಜರುಪಡಿಸದ ಅಭ್ಯರ್ಥಿಗಳನ್ನು, ಈಗಾಗಲೇ ಇಲಾಖೆಯ ಸೇವೆಯಲ್ಲಿರುವವರನ್ನು ಹೊರತುಪಡಿಸಿ, ಆಯ್ಕೆಗೆ ಪರಿಗಣಿಸತಕ್ಕದ್ದಲ್ಲ."

ಪೆನ್ನು ತಗೊಳ್ಳಿ. ಕೊನೇ ಪದಕ್ಕೆ ಒಂದು ಗೆರೆ: ಪರಿಗಣಿಸತಕ್ಕದ್ದಲ್ಲ. ಅಂದ್ರೆ ಆಯ್ಕೆಯಿಂದ ಬಿಟ್ಟುಬಿಡ್ತಾರೆ. ಯಾರನ್ನ ಬಿಡ್ತಾರೆ? "ಅನ್ನು" ಹುಡುಕಿ, ಅಭ್ಯರ್ಥಿಗಳನ್ನು. ಎಂಥ ಅಭ್ಯರ್ಥಿ? ಅದ್ರ ಹಿಂದೆ ಎರಡು ಜಾತಿ ಉಂಟು, ಒಂದು "ಪಡೆಯದ", ಇನ್ನೊಂದು "ಹಾಜರುಪಡಿಸದ". ಈಗ ಮಧ್ಯೆ ಅಲ್ಪವಿರಾಮದ ಒಳಗೆ ಕೂತ ತುಂಡು ನೋಡಿ, ಸರ್ವಿಸಲ್ಲಿರುವವರನ್ನ ಹೊರತುಪಡಿಸಿ. ಇಷ್ಟಾದ ಮೇಲೆ ಒಂದು ಪ್ರಶ್ನೆ: ಒಬ್ಬ ಅದೇ ಇಲಾಖೆಯಲ್ಲಿ ಈಗ ಕ್ಲರ್ಕ್, ಒರಿಜಿನಲ್ ಸರ್ಟಿಫಿಕೇಟು ತರ್ಲಿಲ್ಲ, ಅವನನ್ನ ಈ ನಿಯಮದ ಪ್ರಕಾರ ಬಿಟ್ಟುಬಿಡ್ತಾರಾ?

ಬೆಂಚಲ್ಲಿ ಕೂತ ಹೆಚ್ಚಿನವರು "ಹೌದು, ಬಿಡ್ತಾರೆ" ಅಂದ್ರು. ಸರಿ ಉತ್ತರ "ಇಲ್ಲ, ಬಿಡುದಿಲ್ಲ" ಅಂತ. ಈ ವಾಕ್ಯ ಅವನನ್ನ ಹೊರಗೆ ಹಾಕುದಿಲ್ಲ. ಹಾಗಂತ ಅವನಿಗೆ ಕೆಲ್ಸ ಸಿಗ್ತದೆ ಅಂತಲೂ ವಾಕ್ಯ ಹೇಳುದಿಲ್ಲ, ಒಬ್ಬ ಹುಡುಗ ಅಷ್ಟು ದೂರ ಹೋಗಿ "ಹಾಗಾದ್ರೆ ಸರ್ವಿಸಲ್ಲಿದ್ದವ್ರಿಗೆ ಡೈರೆಕ್ಟ್ ಸೆಲೆಕ್ಷನ್ನಾ" ಅಂತ ಕೇಳಿದ. ಕಡಿಮೆ ಓದುದು ಎಷ್ಟು ತಪ್ಪೋ ಇಲ್ಲದ್ದನ್ನ ಓದುದೂ ಅಷ್ಟೇ ತಪ್ಪು. ವಾಕ್ಯ ಎಲ್ಲಿ ನಿಂತಿದೆಯೋ ನಾವೂ ಅಲ್ಲೇ ನಿಲ್ಬೇಕು.

ಇಲ್ಲಿ ಕನ್ನಡದ್ದೇ ಆದ ಒಂದು ಕಿರಿಕಿರಿ ಉಂಟು. ಇಂಗ್ಲಿಷಲ್ಲಿ ಇಲ್ಲ ಅನ್ಲಿಕ್ಕೆ ನಾಟ್ ಅಂತ ಬೇರೆ ಪದ, ಕಣ್ಣಿಗೆ ಹೊಡೀತದೆ. ನಮ್ಮಲ್ಲಿ ಅದು ಪದದ ಹೊಟ್ಟೆಯೊಳಗೆ ಅಡಗಿ ಕೂರ್ತದೆ. ಪಡೆದ, ಪಡೆಯದ. ಸಲ್ಲಿಸಿದ, ಸಲ್ಲಿಸದ. ಹೊಂದಿರುವ, ಹೊಂದಿರದ. ಬೇಗ ಓದುವವನ ಕಣ್ಣಿಗೆ ಎರಡೂ ಒಂದೇ, "ಸಲ್ಲಿಸಿದ"ದ ಒಂದು "ಸಿ" ಹೋಗಿ "ಸ" ಆದ್ರೆ ಜಾತಕವೇ ಬದಲು. ಮೇಲಿನ ವಾಕ್ಯದಲ್ಲಿ ಎಣಿಸಿ ನೋಡಿ, ಯದ, ಸದ, ಹೊರತುಪಡಿಸಿ, ಅಲ್ಲ, ಒಟ್ಟು ನಾಲ್ಕು ಕಡೆ ದಿಕ್ಕು ತಿರುಗ್ತದೆ. ನಾನು ಮಕ್ಕಳಿಗೆ ಹೇಳುದು, ಮೊದಲ ವಾರ ಬೇರೆ ಎಂತದೂ ಮಾಡ್ಬೇಡಿ, ದಿನಕ್ಕೆ ಒಂದು ಪುಟ ತಗೊಂಡು ಹೀಗೆ ದಿಕ್ಕು ತಿರುಗುವ ಜಾಗಕ್ಕೆಲ್ಲ ಪೆನ್ಸಿಲಲ್ಲಿ ಸುತ್ತು ಹಾಕಿ ಅಂತ. ಮಾತ್ರ, ವಿನಾ, ಆದರೂ, ಇಲ್ಲದಿದ್ದಲ್ಲಿ, ಮೇರೆಗೆ, ಒಳಪಟ್ಟು, ಇವಕ್ಕೂ ಸುತ್ತು. ಇಂಗ್ಲಿಷ್ ಪೇಪರಾದ್ರೆ ಅನ್‌ಲೆಸ್, ಎಕ್ಸೆಪ್ಟ್, ಪ್ರೊವೈಡೆಡ್, ಸಬ್ಜೆಕ್ಟ್ ಟು. ಅಲ್ಲಿ ಕ್ರಿಯಾಪದ ಬೇಗ ಬಂದು ಶರತ್ತು ಹಿಂದಿನಿಂದ ಬರ್ತದೆ, ಅದಕ್ಕೇ ನಮ್ಮವರು ಇಂಗ್ಲಿಷಿನ ಅರ್ಧ ವಾಕ್ಯ ಓದಿ ಖುಷಿಯಲ್ಲಿ ಎದ್ದು ಹೋಗುದು.

ಇನ್ನು ಮಲಯಾಳದ ವಿಷ್ಯ, ಇದು ನಮ್ಮ ಗಡಿಯವರಿಗೆ ಮಾತ್ರ ಇರುವ ತಲೆನೋವು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಕನ್ನಡ ಮೀಡಿಯಮ್ಮಲ್ಲಿ ಓದಿದ್ರೂ ಆಫೀಸಿನ ಕಾಗದ ಜಾಸ್ತಿ ಬರುದು ಮಲಯಾಳದಲ್ಲಿ. ಲಿಪಿ ಹೇಗೋ ಬಸ್ ಬೋರ್ಡು ನೋಡಿ ಕಲ್ತಿರ್ತೇವೆ, ಮಾತಾಡ್ಲಿಕ್ಕೂ ಬರ್ತದೆ, ಆದ್ರೆ ಓದುವಾಗ ಸಂಸ್ಕೃತ ಪದ ಬಂದ ಕೂಡ್ಲೇ ನಾವು ಕನ್ನಡದ ಅರ್ಥ ಹಾಕಿಬಿಡ್ತೇವೆ. ಒಬ್ಬ ಬಿಕಾಂ ಹುಡುಗ ಒಂದು ನೋಟೀಸಿನ ತಲೆಬರಹ ನೋಡಿ ನಕ್ಕಿದ್ದೇ ನಕ್ಕಿದ್ದು, "ಅವಸಾನ ಅವಸರಂ" ಅಂತ ಇತ್ತು, "ಸಾಯ್ಲಿಕ್ಕೆ ಎಂತ ಅವಸರ ಅಣ್ಣಾ" ಅಂದ. ಅಲ್ಲಿ ಅವಸರಂ ಅಂದ್ರೆ ಅವಕಾಶ, ಅವಸಾನ ಅಂದ್ರೆ ಕೊನೆ. ಕೊನೆಯ ಅವಕಾಶ ಅಂತ ಬರ್ದಿದ್ರು, ಇವ ನಗಾಡಿ ಬಿಟ್ಟುಬಿಟ್ಟ.

ಇನ್ನೊಬ್ಬರು, ಇವ್ರು ಪಿಜಿ ಮಾಡಿದವ್ರು, ಪಂಚಾಯತಿನ ಕಾಗದ ತಂದ್ರು, ಅದ್ರಲ್ಲಿ "ಮುನ್‌ಕೂರ್ ಅನುವಾದಂ" ಬೇಕು ಅಂತ ಇತ್ತು, ಇವ್ರು ಮನೆಯ ಆಧಾರಪತ್ರವನ್ನೆಲ್ಲ ಮಲಯಾಳಕ್ಕೆ ಅನುವಾದ ಮಾಡಿಸ್ಲಿಕ್ಕೆ ಜನ ಹುಡುಕ್ತಾ ಇದ್ರು. ಮಲಯಾಳದ ಅನುವಾದಂ ಅಂದ್ರೆ ಅನುಮತಿ. ಮೊದಲೇ ಪರ್ಮಿಷನ್ ತಗೊಳ್ಳಿ ಅಂತ ಹೇಳಿದ್ದು ಅಷ್ಟೇ. ಹಾಗೇ ಅಪೇಕ್ಷ ಅಂದ್ರೆ ಅರ್ಜಿ, ಆನುಕೂಲ್ಯಂ ಅಂದ್ರೆ ಸರ್ಕಾರ ಕೊಡುವ ಸೌಲಭ್ಯ, ಉಪನ್ಯಾಸಂ ಅಂದ್ರೆ ಪ್ರಬಂಧ, ಭಾಷಣ ಅಲ್ಲ. ಇಂಥದ್ದಕ್ಕೆ ಅಂತಲೇ ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ಎಡಕ್ಕೆ ಮಲಯಾಳ ಪದ, ನಡುವಲ್ಲಿ ನಾನು ತಿಳ್ಕೊಂಡದ್ದು, ಬಲಕ್ಕೆ ನಿಜವಾದ ಅರ್ಥ. ನಡುವಿನ ಕಾಲಂ ಬಿಡ್ಬೇಡಿ. ನಮ್ಮ ತಪ್ಪು ನಮಗೆ ಕಂಡ್ರೆ ಮಾತ್ರ ಪದ ಮರೀದೆ ಉಳೀತದೆ.

ಡಿಕ್ಷನರಿ ಬಗ್ಗೆ ಜಾಸ್ತಿ ಹೇಳುದಿಲ್ಲ. ಕನ್ನಡಕ್ಕೆ ಅಲರ್, ಮಲಯಾಳಕ್ಕೆ ಓಲಂ, ಎರಡೂ ನೆಟ್ಟಲ್ಲಿ ಫ್ರೀ ಉಂಟು. ಹಳೇ ಪದಕ್ಕೆ ಕಿಟೆಲ್ ಉಂಟು, 1894ರಲ್ಲಿ ನಮ್ಮ ಪಕ್ಕದ ಮಂಗಳೂರಲ್ಲೇ ಪ್ರಿಂಟಾದದ್ದು. ಗೊತ್ತಿಲ್ಲದ ಪದಕ್ಕೆಲ್ಲ ಡಿಕ್ಷನರಿ ತೆಗೀಲಿಕ್ಕೆ ಹೋದ್ರೆ ಮೂರನೇ ದಿನ ಬಿಟ್ಟುಬಿಡ್ತೀರಿ, ಹಾಗಾಗಿ ಪುಟಕ್ಕೆ ಮೂರೇ ಪದ, ಯಾವ ಪದ ಗೊತ್ತಿಲ್ಲದಿದ್ರೆ ವಾಕ್ಯದ ಬಾಗಿಲೇ ತೆಗೆಯುದಿಲ್ಲವೋ ಅಂಥ ಮೂರು. ನಿಜವಾದ ಅಪಾಯ ಇರುದು ಗೊತ್ತಿಲ್ಲದ ಪದದಲ್ಲಿ ಅಲ್ಲ, ಗೊತ್ತುಂಟು ಅಂತ ನಾವು ನಂಬಿದ ಪದದಲ್ಲಿ. ಅನುವಾದಂ ನೋಡಿದ್ರಲ್ಲ.

ಈಗ ಒಂದು ಸಮಾಧಾನದ ಮಾತು. ಬೆಂಚಿಗೆ ಬರುವ ಒಬ್ಬ ಹುಡುಗ, ಬಿಎ, ಪಿಎಸ್‌ಸಿಯ ಇಂಗ್ಲಿಷ್ ಪ್ಯಾಸೇಜ್ ಕೊಟ್ರೆ ಐದರಲ್ಲಿ ಒಂದು ಸರಿ. "ನನ್ನ ತಲೆಗೆ ಓದು ಹಿಡಿಯುದಿಲ್ಲ ಅಣ್ಣಾ" ಅಂತಲೇ ಕೂತಿದ್ದ. ಒಂದು ದಿನ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಇಂಗ್ಲಿಷ್ ಕರಪತ್ರ ಝೆರಾಕ್ಸ್‌ಗೆ ಬಂತು, ಸುಮ್ನೆ ಅವನ ಕೈಗೆ ಕೊಟ್ಟೆ. ಗಡಗಡ ಓದಿದ. ಓದಿದ್ದು ಮಾತ್ರ ಅಲ್ಲ, "ಇದ್ರಲ್ಲಿ ಬೋರ್ಡೋ ಪಾಕಕ್ಕೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್ ಅಂತ ಉಂಟು, ತಪ್ಪು, ನೂರು ಲೀಟರಾಗ್ಬೇಕು, ಸೊನ್ನೆ ಬಿಟ್ಟುಹೋಗಿದೆ" ಅಂದ. ಪ್ರಿಂಟಾದ ತಪ್ಪನ್ನ ಹಿಡಿದ! ಸುಣ್ಣ ಕಡಿಮೆ ಆಗಿದ್ಯಾ ಅಂತ ಕತ್ತಿ ಅದ್ದಿ ನೋಡುದು, ಕತ್ತಿಗೆ ಕೆಂಪು ಹಿಡಿದ್ರೆ ಸುಣ್ಣ ಸೇರಿಸುದು, ಆ ಪ್ಯಾರಾವನ್ನ ನನಗೇ ಬಿಡಿಸಿ ಹೇಳಿದ. ಇಂಗ್ಲಿಷ್ ಅದೇ, ತಲೆ ಅದೇ. ತೋಟದಲ್ಲಿ ಅಪ್ಪನ ಜೊತೆ ನಿಂತು ಪಾಕ ಮಾಡಿದ ಅನುಭವ ಇದ್ದದ್ದಷ್ಟೇ ವ್ಯತ್ಯಾಸ.

ಇದನ್ನ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅಂತ ಇಬ್ರು 1988ರಲ್ಲಿ ಬೇಸ್‌ಬಾಲ್ ಇಟ್ಕೊಂಡು ತೋರ್ಸಿದ್ರು. ಓದಲ್ಲಿ ಹಿಂದೆ ಇದ್ರೂ ಬೇಸ್‌ಬಾಲ್ ಗೊತ್ತಿದ್ದ ಮಕ್ಕಳು, ಓದಲ್ಲಿ ಮುಂದೆ ಇದ್ದೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಆಟದ ವರದಿಯನ್ನ ಚೆನ್ನಾಗಿ ಅರ್ಥ ಮಾಡ್ಕೊಂಡ್ರು. ಅಂದ್ರೆ ಓದುವ ಶಕ್ತಿ ಅನ್ನುದು ಬರೀ ಕಣ್ಣಿನ ಅಭ್ಯಾಸ ಅಲ್ಲ, ವಿಷಯ ಎಷ್ಟು ಗೊತ್ತುಂಟು ಅನ್ನುದ್ರ ಮೇಲೂ ನಿಂತಿದೆ. ಹಾಗಾಗಿ ದಿನಕ್ಕೊಂದು ಹೊಸ ವಿಷಯ ಅಂತ ಹಾರ್ಬೇಡಿ. ನಿಮಗೆ ಒಳಗೆ ಹೊರಗೆ ಗೊತ್ತಿರುವ ಒಂದು ವಿಷಯ ತಗೊಳ್ಳಿ, ಅಡಿಕೆಯೋ ಕ್ರಿಕೆಟ್ಟೋ ಯಕ್ಷಗಾನವೋ ಗಲ್ಫಿನ ವೀಸಾ ರೂಲೋ, ಅದ್ರ ಮೇಲೆ ಹದಿನೈದು ದಿನ ಬೇರೆ ಬೇರೆ ಬರಹ ಓದಿ, ಮೊದಲು ಸುಲಭದ್ದು, ಮತ್ತೆ ಕಷ್ಟದ್ದು. ಆಮೇಲೆ ಪಕ್ಕದ ವಿಷಯಕ್ಕೆ ದಾಟಿ, ಅಡಿಕೆಯಿಂದ ಮಾರ್ಕೆಟ್ ರೇಟಿಗೆ, ರೇಟಿನಿಂದ ಆಮದು ಸುಂಕಕ್ಕೆ, ಅಲ್ಲಿಂದ ಬಜೆಟ್ಟಿಗೆ. ಬಜೆಟ್ ಬಗ್ಗೆ ನೇರ ಓದ್ಲಿಕ್ಕೆ ಕೂತ್ರೆ ನನಗೂ ನಿದ್ದೆ ಬರ್ತದೆ, ಅಡಿಕೆ ಹಿಡ್ಕೊಂಡು ಹೋದ್ರೆ ಬರುದಿಲ್ಲ.

ಓದಿದ್ದು ಉಳೀಲಿಕ್ಕೆ ಎಂತ ಮಾಡ್ಬೇಕು? ಎಲ್ಲರೂ ಮಾಡುದು ಮತ್ತೆ ಮತ್ತೆ ಓದುದು, ಇಲ್ಲದಿದ್ರೆ ಹಳದಿ ಮಾರ್ಕರಲ್ಲಿ ಪುಟ ಇಡೀ ಅರಿಶಿನ ಮೆತ್ತುದು. 2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನುವವರು ನೋಡಿದ್ರು: ಎರಡೆರಡು ಸಲ ಓದಿದವ್ರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದೆ, ಆದ್ರೆ ಒಂದು ವಾರ ಬಿಟ್ಟು ಕೇಳಿದ್ರೆ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ. ಮಾರ್ಕರ್ ಎಳೆಯುದ್ರಿಂದ ದೊಡ್ಡ ಉಪಯೋಗ ಇಲ್ಲ ಅಂತ 2013ರಲ್ಲಿ ಡನ್ಲೋಸ್ಕಿ ಮತ್ತು ಜೊತೆಯವರು ಹತ್ತು ಬಗೆಯ ಓದುವ ಕ್ರಮಗಳನ್ನ ತೂಗಿ ನೋಡಿ ಹೇಳಿದ್ದಾರೆ. ಅದಕ್ಕೇ ಶನಿವಾರ ಓದಿದ್ದನ್ನ ಮುಂದಿನ ಶನಿವಾರ ನಾನು ಪೇಪರ್ ತೋರ್ಸದೆ ಕೇಳ್ತೇನೆ. ಮೊದಮೊದಲು ಸಿಟ್ಟು ಬರ್ತದೆ ಮಕ್ಕಳಿಗೆ.

ಕಾಗದದಲ್ಲಿ ಓದಿ, ಆದಷ್ಟು. ಝೆರಾಕ್ಸ್ ಅಂಗಡಿಯವ ಹೀಗಲ್ಲದೆ ಹೇಗೆ ಹೇಳಿಯಾನು ಅಂತ ನೀವು ನಗ್ಬಹುದು, ಆದ್ರೆ 54 ಅಧ್ಯಯನ ಒಟ್ಟು ಮಾಡಿ ನೋಡಿದ ಒಂದು ಲೆಕ್ಕ 2018ರಲ್ಲಿ ಬಂತು, ಮಾಹಿತಿಯ ಬರಹ ಆದ್ರೆ ಸ್ಕ್ರೀನಿಗಿಂತ ಕಾಗದದಲ್ಲಿ ಓದಿದವ್ರಿಗೆ ಅರ್ಥ ಚೆನ್ನಾಗಿ ಆಗ್ತದೆ ಅಂತ, ಟೈಮ್ ಕಡಿಮೆ ಇದ್ರಂತೂ ಇನ್ನೂ ಜಾಸ್ತಿ. ಫೋನಲ್ಲಿ ಬೆರಳು ನಮ್ಮ ಕಣ್ಣಿಗಿಂತ ಮೊದಲು ಓಡ್ತದೆ. ದುಡ್ಡು ಕೊಟ್ಟು ಪ್ರಿಂಟ್ ತೆಗೀಬೇಕಂತ ಇಲ್ಲ, ನಮ್ಮಲ್ಲಿ ಸಣ್ಣ ಸಣ್ಣ ಊರಲ್ಲೂ ವಾಯನಶಾಲೆ, ಅಂದ್ರೆ ವಾಚನಾಲಯ, ಉಂಟು, ಪಿ.ಎನ್. ಪಣಿಕ್ಕರ್ ಹುಟ್ಟುಹಾಕಿದ ಗ್ರಂಥಾಲಯ ಚಳವಳಿಯ ಪುಣ್ಯ, ಅವರು ತೀರಿಕೊಂಡ ಜೂನ್ 19ನ್ನ ಕೇರಳದಲ್ಲಿ ವಾಯನ ದಿನ ಅಂತ ಆಚರಿಸ್ತಾರೆ. ಆ ದಿನ ಭಾಷಣ ಕೇಳ್ಲಿಕ್ಕೆ ಹೋಗುವ ಜನ ಮಾರನೇ ದಿನ ಪೇಪರ್ ಓದ್ಲಿಕ್ಕೆ ಹೋದ್ರೆ ಬೆಂಚು ಸಾಕಾಗ್ಲಿಕ್ಕಿಲ್ಲ.

ಎಐಗೆ ಹಾಕಿ ಸಮರಿ ತೆಗೆಯುವವರು ಈಗ ಜಾಸ್ತಿ. ತೆಗೀರಿ, ಬೇಡ ಅನ್ನುದಿಲ್ಲ, ಆದ್ರೆ ನೀವು ಮನೆ ಭಾಷೆಯಲ್ಲಿ ಹೇಳಿ ಆದ ಮೇಲೆ ಸರಿ ಉಂಟಾ ಅಂತ ನೋಡ್ಲಿಕ್ಕೆ. ಸಮರಿ ಅಂದ್ರೆ ಮುಖ್ಯ ವಿಷಯ ಇಟ್ಟು ಉಳಿದದ್ದು ಬಿಡುದು, ನೋಟಿಫಿಕೇಶನ್ನಲ್ಲಿ ನಿಮ್ಮ ತಲೆ ಉಳಿಸುವ "ಹೊರತುಪಡಿಸಿ" ಸಿಕ್ಕಾಪಟ್ಟೆ ಸಲ ಆ ಬಿಟ್ಟದ್ದರಲ್ಲೇ ಇರ್ತದೆ.

ಪರೀಕ್ಷೆ ಹಾಲಿಗೂ ಇದೇ ಕ್ರಮ. ಪಿಎಸ್‌ಸಿಯಲ್ಲಿ 100 ಪ್ರಶ್ನೆ, ಒಂದು ತಪ್ಪಿಗೆ ಮೂರನೇ ಒಂದು ಮಾರ್ಕು ಕಟ್. ಮೂರ್ನಾಲ್ಕು ಹೇಳಿಕೆ ಕೊಟ್ಟು "ಇವುಗಳಲ್ಲಿ ಸರಿಯಲ್ಲದ್ದು ಯಾವುದು" ಅಂತ ಕೇಳುವ ಪ್ರಶ್ನೆಗೆ ವಿಷಯ ಪೂರಾ ಗೊತ್ತಿದ್ದವರೂ ಸರಿಯಾದ ಹೇಳಿಕೆಗೆ ಗೋಲ ತುಂಬಿಸಿ ಬರ್ತಾರೆ. ಹೇಳಿಕೆ ಓದುವ ಮೊದಲು ಪ್ರಶ್ನೆಯ ಕೊನೇ ಎರಡು ಪದ ಓದಿ, "ಲ್ಲ" ಇದ್ರೆ ಪ್ರಶ್ನೆಪತ್ರಿಕೆಯಲ್ಲಿ ಸುತ್ತು ಹಾಕಿ, ಮತ್ತೆ ಮೇಲೆ ಹೋಗಿ.

ಎಷ್ಟು ದಿನ ಬೇಕು ಅಂತ ಕೇಳ್ತಾರೆ. ದಿನಾ ಇಪ್ಪತ್ತು ನಿಮಿಷ ಕೂತವ್ರಲ್ಲಿ ಮೂರ್ನಾಲ್ಕು ವಾರಕ್ಕೆ ಬದಲಾವಣೆ ನಾನು ಕಂಡಿದ್ದೇನೆ, ಮೊದಲು ಕಾಣುದು ಸ್ಪೀಡಲ್ಲ, "ಇದು ನನಗೆ ಅರ್ಥ ಆಗ್ಲಿಲ್ಲ" ಅಂತ ಬಾಯಿಬಿಟ್ಟು ಹೇಳುದು. ಎರಡನೇದಾಗಿ ಕಾಣುದು ಬರ್ದವನ ತಪ್ಪು ಹಿಡಿಯುದು. ಎಲ್ಲ ಸಲವೂ ಓದುವವನದ್ದೇ ತಪ್ಪಲ್ಲ ನೋಡಿ, ಕೆಟ್ಟದಾಗಿ ಬರ್ದ ವಾಕ್ಯ ಲೋಕದಲ್ಲಿ ಬೇಕಾದಷ್ಟುಂಟು, ಅಂಥದ್ದು ಸಿಕ್ಕಿದ್ರೆ ತಲೆ ತಗ್ಗಿಸ್ದೆ ಆಫೀಸಿಗೆ ಹೋಗಿ "ಇದ್ರ ಅರ್ಥ ಹೀಗಾ ಹಾಗಾ" ಅಂತ ಕೇಳ್ಬೇಕು.

ಆ ಬಿಎಸ್ಸಿ ಹುಡುಗಿ ಈ ಸಲ ಕನ್ಫರ್ಮೇಶನ್ ತಾನೇ ಕೊಟ್ಟು, ಹಾಲ್ ಟಿಕೆಟ್ ಪ್ರಿಂಟಿಗೆ ಮಾತ್ರ ನನ್ನಲ್ಲಿಗೆ ಬಂದಿದ್ಲು. ದುಡ್ಡು ಕೊಡ್ಲಿಕ್ಕೆ ನಿಂತವಳು ನನ್ನ ಕೌಂಟರಿನ ಮೇಲಿದ್ದ ಬೋರ್ಡನ್ನೇ ನೋಡ್ತಾ ಇದ್ಲು. ನಾಲ್ಕು ವರ್ಷದಿಂದ ಅಲ್ಲೇ ತೂಗ್ತಾ ಉಂಟು ಅದು: "ಚಿಲ್ಲರೆ ಇಲ್ಲದವರಿಗೆ ಗೂಗಲ್ ಪೇ ಹೊರತುಪಡಿಸಿ ಝೆರಾಕ್ಸ್ ಮಾಡಿಕೊಡಲಾಗುವುದಿಲ್ಲ."

"ಅಣ್ಣಾ, ಗೂಗಲ್ ಪೇ ತಗೊಳ್ತೀರಾ, ತಗೊಳ್ಳುದಿಲ್ವಾ?"

ತಗೊಳ್ತೇನೆ ಅಂದೆ. "ಇದ್ರಲ್ಲಿ ಹಾಗೂ ಓದ್ಬಹುದು ಹೀಗೂ ಓದ್ಬಹುದಲ್ಲ" ಅಂದ್ಲು. ನಾನೂ ಎರಡು ಸಲ ಓದಿದೆ, ಬಾಲದಿಂದ ಹಿಡಿದೂ ನೋಡಿದೆ. ಬೋರ್ಡ್ ಕೆಳಗಿಳಿಸಿ ಹಿಂದಿನ ಬದಿಯಲ್ಲಿ ಬರ್ದೆ, "ಚಿಲ್ಲರೆ ತನ್ನಿ. ಇಲ್ಲದಿದ್ರೆ ಗೂಗಲ್ ಪೇ ಮಾಡಿ."